ಮೊದಲು ಪೂಜಿ

ನಮ್ಮವ್ವ ಸೊನ್ನೆಗೆ ಪೂಜಿ ಅನ್ನುತ್ತಾಳೆ. ನಮ್ಮ ಕಡೆಯ ಹಳಬರ ಮಾತು ಅದು. ಪರೀಕ್ಷೆಯಲ್ಲಿ ಸೊನ್ನೆ ಹೊತ್ತು ಬಂದ ಹುಡುಗನನ್ನು ಕಂಡರೆ, "ಬಂದಾ ನೋಡ್ರಿ ಪೂಜಿ ತಗೊಂಡು, ಕಾಯಿ ಒಡೀರಿ" ಎಂದು ಓಣಿಯವರು ಛೇಡಿಸುತ್ತಿದ್ದರು. ದೇವರ ಮುಂದೆ ದೀಪ ಹಚ್ಚಿ ಮಾಡುವ ಪೂಜೆಯೂ ಅವ್ವನ ಬಾಯಲ್ಲಿ ಪೂಜಿಯೇ, ಮನೆ ಮನಿಯಾದಂತೆ, ಸಂತೆ ಸಂತಿಯಾದಂತೆ. ಎರಡೂ ಬೇರೆ ಬೇರೆ ಮಾತು ಎಂದು ನಾಲ್ಕಕ್ಷರ ಕಲಿತ ನಾನು ಎಷ್ಟೋ ಸಲ ಹೇಳಿದ್ದೇನೆ. ಅವಳು ಒಪ್ಪಿಲ್ಲ. ಯಾವ ಕೆಲಸವೂ ಪೂಜಿಯಿಂದಲೇ ಶುರುವಾಗಬೇಕು, ನಮ್ಮ ಮನೆಯ ಫೋನ್ ನಂಬರೂ ಪೂಜಿಯಿಂದಲೇ ಶುರುವಾಗುತ್ತದೆ, ಇನ್ನೇನು ಸಾಕ್ಷಿ ಬೇಕು ನಿನಗೆ ಅನ್ನುವುದು ಅವಳ ವಾದ. ವಾದಕ್ಕೆ ಇಳಿದು ನಮ್ಮವ್ವನನ್ನು ಗೆದ್ದವರನ್ನು ನಾನು ಇನ್ನೂ ನೋಡಿಲ್ಲ.

ನಾವು ಹರಪನಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದವರು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಅವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಮದುವೆ ಮನೆಯವರು, ಹಾಸ್ಟೆಲ್ಲಿನವರು, ಮೆಕ್ಕೆಜೋಳದ ವ್ಯಾಪಾರಕ್ಕೆ ಬಂದು ಲಾಡ್ಜಿನಲ್ಲಿ ಇಳಿದವರು, ಎಲ್ಲರೂ ಫೋನ್ ಮಾಡಿ ಇಷ್ಟು ರೊಟ್ಟಿ ಬೇಕು ಎಂದು ಹೇಳುತ್ತಿದ್ದರು. ಫೋನು ಅಡಿಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದುದರಿಂದ ಮಾತಾಡುವ ಕಡೆಯ ಸಣ್ಣ ಸಣ್ಣ ತೂತುಗಳಲ್ಲಿ ಹಿಟ್ಟು ಕೂತುಬಿಟ್ಟಿತ್ತು. ಅಪ್ಪ ಬೈದುಕೊಂಡು ಪಿನ್ನು ಹಾಕಿ ತೆಗೆಯುತ್ತಿದ್ದ.

ನನ್ನ ತಮ್ಮ ಇನ್ನೂ ಶಾಲೆಗೆ ಸೇರದವನಿದ್ದಾಗ ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಕಳೆದುಹೋಗಿದ್ದ. ಅವ್ವನ ಸೆರಗು ಹಿಡಿದಿದ್ದವನು ಯಾವಾಗ ಬಿಟ್ಟನೋ ಏನೋ. ಕೊನೆಗೆ ಈರುಳ್ಳಿ ಚೀಲಗಳ ಮೇಲೆ ಕೂತು ಅಳುತ್ತಿದ್ದವನನ್ನು ಅಪ್ಪನ ಪರಿಚಯದ ಕಂಡಕ್ಟರೊಬ್ಬರು ಗುರುತು ಹಿಡಿದು ಬಸ್ಸಿನಲ್ಲಿ ಕರೆತಂದರು. ಯಾರ ಮಗ, ಯಾವೂರು ಎಂದು ಕೇಳಿದರೆ ಅವನು "ಅವ್ವನ ಮಗ" ಎಂದನಂತೆ. ಊರವರೆಲ್ಲ ನಕ್ಕರು. ಅವ್ವ ನಗಲಿಲ್ಲ. ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಫೋನ್ ನಂಬರನ್ನು ಬಾಯಿಪಾಠ ಮಾಡಿಸಿದಳು.

"ಮೊದಲು ಪೂಜಿ. ಆಮೇಲೆ ಎಂಟು. ಆಮೇಲೆ ಮೂರು..."

ಉಳಿದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ನಂಬರು ಈಗ ಯಾರ ಮನೆಯಲ್ಲಿ ಬಡಿದುಕೊಳ್ಳುತ್ತಿದೆಯೋ, ಅವರಿಗೆ ಯಾಕೆ ತೊಂದರೆ.

ನಾನು ಆಗಲೇ ಚೂಟಿ. "ಅವ್ವ, ನಮ್ಮೂರಾಗ ಮಾಡಾಕ ಪೂಜಿ ಬ್ಯಾಡ ಅಲ್ಲೇನ? ಎದುರು ಮನಿಯವ್ರು ಹಂಗ ಮಾಡತಾರ" ಎಂದೆ.

"ನಮ್ಮೂರಾಗ ಕಳದ್ರ ನಾನ ಹುಡುಕ್ತೀನಿ. ಬ್ಯಾರೆ ಊರಾಗ ಕಳದ್ರ ಪೂಜಿ ಬೇಕ ಬೇಕು. ಪೂಜಿ ಇಲ್ಲಂದ್ರ ಫೋನು ನಮ್ಮೂರಿಗೆ ಬರಂಗಿಲ್ಲ. ತಿಳೀತಿಲ್ಲೋ? ಪೂಜಿ ಬಿಟ್ಟೀ, ಕೆಟ್ಟೀ."

ತಮ್ಮ ಅದನ್ನು ಹಾಡಿನಂತೆ ಮಾಡಿಕೊಂಡ. ಪೂಜಿ ಎಂಟು ಮೂರು ಎಂದು ಶುರುಮಾಡಿ, ಕೊನೆಯ ಅಂಕಿಯಾದ ಮೇಲೆ "ಪೂಜಿ ಬಿಟ್ಟೀ, ಕೆಟ್ಟೀ" ಎಂದು ಸೇರಿಸುತ್ತಿದ್ದ. ಅವನಿಗೆ ಮಗ್ಗಿ ಬರಲಿಲ್ಲ, ಹತ್ತನೇ ತರಗತಿ ಮುಗಿಯಲಿಲ್ಲ, ಪೆನ್ನು ಹಿಡಿದರೆ ಕೈಗೆ ಜ್ವರ ಬಂದಂತೆ ಆಡುತ್ತಿದ್ದ. ಆದರೆ ಆ ಹಾಡು ಹೋಗಲಿಲ್ಲ. ದೊಡ್ಡವನಾಗಿ ಲಾರಿ ಕಲಿತು, ಟ್ರೇಲರ್ ಕಲಿತು, ಟಯರ್ ಬಿಚ್ಚುವಾಗಲೂ ಅದನ್ನೇ ಗುನುಗುತ್ತಿದ್ದ.

ಟ್ರೇಲರ್ ಓಡಿಸಲು ಮಸ್ಕತ್ತಿಗೆ ಹೋಗುತ್ತೇನೆ ಎಂದು ಅವನು ಹೇಳಿದ ದಿನ ಮನೆ ರಣರಂಗವಾಯಿತು. ತನ್ನ ಹಾಗೆ ಸರ್ಕಾರಿ ಬಸ್ಸಿಗೇ ಅರ್ಜಿ ಹಾಕಲಿ ಎಂಬುದು ಅಪ್ಪನ ಆಸೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಇಬ್ಬರೂ ಗಟ್ಟಿ ದನಿಯವರು, ಇಬ್ಬರೂ ಸ್ಟೀರಿಂಗ್ ಬಿಟ್ಟುಕೊಡದವರು. ಕೊನೆಗೆ ಅಪ್ಪ ಗೂಡಿನಲ್ಲಿದ್ದ ಫೋನಿನ ಕಡೆ ಕೈ ತೋರಿಸಿ ಕೂಗಿದ:

"ಹೋಗಲೇ, ಹೋಗು! ನೀ ಹೊಸ್ತಲಾ ದಾಟಿದ ಮರುದಿನ ಈ ಫೋನ್ ಕಿತ್ತಿಸಿ ತಿಪ್ಪಿಗೆ ಒಗೀತೀನಿ. ನಿನ್ನ ದನಿ ಈ ಮನ್ಯಾಗ ಕೇಳಬಾರದು."

ತಮ್ಮ ಹೋದ. ಅಪ್ಪನ ಕಾಲಿಗೆ ಬಿದ್ದು ಹೋಗಬೇಕಾದವನು ಬಾಗಿಲಲ್ಲೇ ನಿಂತು, ಒಳಗೆ ಬರಲಾರದೆ ಹಾಗೇ ಹೋದ.

ಅಲ್ಲಿಂದ ಅವನು ಪ್ರತಿ ಶುಕ್ರವಾರ ನನ್ನ ಮೊಬೈಲಿಗೆ ವಿಡಿಯೋ ಕಾಲ್ ಮಾಡುತ್ತಿದ್ದ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ತಾಲ್ಲೂಕು ಕಚೇರಿಯ ಭೂದಾಖಲೆ ವಿಭಾಗದಲ್ಲಿ ಕೆಲಸಕ್ಕಿದ್ದೇನೆ. ರಜೆ ಸಿಕ್ಕ ಶುಕ್ರವಾರ ಬಸ್ಸು ಹತ್ತಿ ಕೊಟ್ಟೂರು ದಾಟಿ ಹರಪನಹಳ್ಳಿಗೆ ಬಂದು ಅವ್ವನ ಕೈಗೆ ನನ್ನ ಫೋನ್ ಕೊಡುತ್ತಿದ್ದೆ. ಅಪ್ಪ ಅವನೊಡನೆ ಮಾತಾಡುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಪೇಪರ್ ಹಿಡಿದು ಕೂತು, "ಉಂಡಾನಂತೇನ ಕೇಳು ಅವನ್ನ" ಎಂದು ಗೋಡೆಗೆ ಹೇಳುತ್ತಿದ್ದ. ಹೀಗಾಗಿ ತಮ್ಮ ಆ ದೇಶದಿಂದ ನಮ್ಮ ಮನೆಯ ಗೂಡಿನ ಫೋನಿಗೆ ಒಮ್ಮೆಯೂ ಕರೆ ಮಾಡಿರಲಿಲ್ಲ. ಬೇಕಾಗಿರಲಿಲ್ಲ. ನನ್ನ ನಂಬರು ಅವನ ಫೋನಿನಲ್ಲಿ "ಅಕ್ಕ" ಎಂದಿತ್ತು. ತಲೆಯಲ್ಲಿ ಇರಲಿಲ್ಲ. ಯಾರ ತಲೆಯಲ್ಲಿ ಈಗ ಯಾರ ನಂಬರಿದೆ ಹೇಳಿ? ನನ್ನ ಗಂಡನ ನಂಬರು ಕೇಳಿದರೆ ನಾನೇ ಫೋನ್ ತೆಗೆದು ನೋಡುತ್ತೇನೆ.

ಉಗಾದಿ ಹತ್ತಿರವಿದ್ದಾಗ ಒಂದು ಶುಕ್ರವಾರ ಅವನ ಕಾಲ್ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ನಾನು ಮಾಡಿದರೆ ಒಬ್ಬ ಹೆಂಗಸು ಅರಬ್ಬಿಯಲ್ಲಿ ಏನೋ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಸ್ವಿಚ್ ಆಫ್ ಆಗಿದೆ ಎನ್ನುತ್ತಿದ್ದಳು. ಅವಳ ದನಿ ಎಷ್ಟು ಮೃದುವೆಂದರೆ ನನಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. ಕಳಿಸಿಕೊಟ್ಟ ಏಜೆಂಟನ ಆಫೀಸಿಗೆ ಬೀಗ ಬಿದ್ದಿತ್ತು. ರಾಯಭಾರ ಕಚೇರಿಗೆ ಮೇಲ್ ಹಾಕಿದೆ, ನಿಮ್ಮ ಮನವಿ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಸರ್ಕಾರಿ ಕಚೇರಿಯಲ್ಲೇ ಕೆಲಸ ಮಾಡುವವಳು ನಾನು. ಪರಿಶೀಲನೆ ಎಂಬ ಮಾತಿನ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಒಂದು ದಿನ ತಮ್ಮನ ನಂಬರು ಹತ್ತಿತು. "ಲೇ, ಎಲ್ಲಿ ಸತ್ತಿದ್ದಿ?" ಎಂದು ಕೂಗಿಬಿಟ್ಟೆ. ಆ ಕಡೆಯವರು ಬೇರೆ ಯಾರೋ. ಮಲಯಾಳಿ ಇರಬೇಕು, ತುಂಡು ತುಂಡು ಹಿಂದಿಯಲ್ಲಿ, ಇದು ನನಗೆ ಹೊಸದಾಗಿ ಕೊಟ್ಟ ನಂಬರು ಅಕ್ಕಾ, ಮೊದಲು ಯಾರದಿತ್ತೋ ಗೊತ್ತಿಲ್ಲ ಎಂದರು. ಪಾಪ, ನನ್ನ ಬೈಗುಳಕ್ಕೆ ಸಿಟ್ಟಾಗದೆ ಸಮಾಧಾನ ಹೇಳಿದರು. ಕೆಲವು ತಿಂಗಳು ಬಳಸದಿದ್ದರೆ ನಂಬರನ್ನು ತೆಗೆದು ಇನ್ನೊಬ್ಬರಿಗೆ ಕೊಡುವುದು ಎಲ್ಲ ದೇಶಗಳಲ್ಲೂ ಇರುವ ಪದ್ಧತಿಯಂತೆ. ನಂಬರುಗಳಿಗೂ ಬರ ಇದೆಯಲ್ಲ, ಹೊಸದು ಎಷ್ಟು ಹುಟ್ಟಿಸುತ್ತಾರೆ. ಅದೆಲ್ಲ ಸರಿಯೇ. ಆದರೆ ನನ್ನ ತಮ್ಮನ ಜಾಗದಲ್ಲಿ ಇನ್ನೊಬ್ಬರು ಕೂತು "ಹಲೋ" ಎಂದದ್ದನ್ನು ನನ್ನ ಕಿವಿ ಈಗಲೂ ಮರೆತಿಲ್ಲ. ಅವ್ವನಿಗೆ ಅದನ್ನು ಹೇಳಲಿಲ್ಲ.

"ಅವಗ ನಮ್ಮ ಮನಿ ನಂಬರ್ ಬಾಯಾಗ ಐತಿ," ಎನ್ನುತ್ತಿದ್ದಳು ಅವ್ವ. "ಎಲ್ಲೆ ಇದ್ರೂ ಮಾಡತಾನ. ಸಂತ್ಯಾಗ ಕಳದಿದ್ದಾಗ ಬರತಿರಲಿಲ್ಲ, ಈಗ ಬರತೈತಿ."

ಅಪ್ಪ, ಫೋನ್ ಕಿತ್ತಿಸಿ ತಿಪ್ಪೆಗೆ ಎಸೆಯುತ್ತೇನೆ ಎಂದವನು ಬೆಳಿಗ್ಗೆ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ರಿಸೀವರ್ ಎತ್ತಿ ಕಿವಿಗೆ ಇಟ್ಟುಕೊಳ್ಳುತ್ತಿದ್ದ. ಗುಂಯ್ ಎಂಬ ಸದ್ದು ಕೇಳಿದರೆ, "ಜೀವ ಐತಿ" ಎಂದು ಇಡುತ್ತಿದ್ದ. ರಸ್ತೆ ಅಗೆದು ಕೇಬಲ್ ಕಡಿದು ಒಂದು ವಾರ ಲೈನು ಸತ್ತಾಗ ಊಟ ಬಿಟ್ಟು ಕಚೇರಿಗೆ ಅಲೆದು ಸರಿಮಾಡಿಸಿದ. ಓಣಿಯಲ್ಲಿ ಉಳಿದವರೆಲ್ಲ ಲ್ಯಾಂಡ್‌ಲೈನ್ ತೆಗೆಸಿ ಎಷ್ಟೋ ಕಾಲವಾಗಿತ್ತು.

ಶ್ರಾವಣದಲ್ಲಿ ಅಪ್ಪ ಹೋದ. ಬೆಳಿಗ್ಗೆ ರಿಸೀವರ್ ಇಟ್ಟು ತಿರುಗಿದವನು ಹಾಗೇ ಗೋಡೆಗೆ ಒರಗಿ ಕುಸಿದನಂತೆ. ನಾನು ಬಂದು ತಲುಪುವ ಹೊತ್ತಿಗೆ ಮುಗಿದಿತ್ತು. ಮಗನಿಲ್ಲದೆ ದೊಡ್ಡಪ್ಪನ ಮಗ ಕಾರ್ಯ ಮಾಡಿದ. ಕಾರ್ಯಕ್ಕೆ ಬಂದ ಹಿರಿಯರೊಬ್ಬರು, ವರ್ಷದ ಪೂಜೆಯ ಹೊತ್ತಿಗಾದರೂ ಮಗ ಬರಬೇಕಮ್ಮ ಎಂದರು. ಅವ್ವ ತಲೆಯಾಡಿಸಿದಳು. ಅಳಲಿಲ್ಲ. ಅವಳ ಕಣ್ಣು ಬಾಗಿಲ ಪಕ್ಕದ ಗೂಡಿನ ಮೇಲಿತ್ತು.

ಅಪ್ಪನ ತಿಂಗಳ ದಿನ ಕಳೆದ ಮೇಲೆ ಮನೆಯ ಮಾಲೀಕರು ಬಂದರು. ಹಳೆ ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ. ಒಳ್ಳೆಯವರೇ, ದೀಪಾವಳಿ ಮುಗಿಯಲಿ, ಆಮೇಲೆ ಬಿಟ್ಟುಕೊಡಿ ಎಂದರು. ನಾನು ಅವ್ವನಿಗೆ, ನಮ್ಮ ಮನೆಗೆ ಬಂದುಬಿಡು, ಹಗರಿಬೊಮ್ಮನಹಳ್ಳಿಯಲ್ಲೂ ಜನ ರೊಟ್ಟಿ ತಿನ್ನುತ್ತಾರೆ ಎಂದೆ.

"ನಂಬರ್ ಬರತೈತೇನ?" ಎಂದಳು.

"ಯಾಕ ಬರಂಗಿಲ್ಲ? ಈಗ ಎಲ್ಲಾ ಬರತಾವ. ಮೊಬೈಲ್ ನಂಬರ್ ಬೆಂಗಳೂರಿಂದ ದಿಲ್ಲಿಗೆ ಹೋದ್ರೂ ಬದ್ಲಾಗಂಗಿಲ್ಲ. ಇಲ್ಲಿಂದ ಬೊಮ್ಮನಹಳ್ಳಿ ಏನು ಸಮುದ್ರ ದಾಟಬೇಕೇನ?"

ಹಾಗೆ ಹೇಳಿ ಅವ್ವನನ್ನು ಕರೆದುಕೊಂಡು ಟೆಲಿಫೋನ್ ಕಚೇರಿಗೆ ಹೋದೆ. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಚಹಾ ಕುಡಿಯುತ್ತಿದ್ದರು. ನನ್ನ ಮಾತು ಪೂರ್ತಿ ಕೇಳುವ ಮೊದಲೇ, "ಆಗಂಗಿಲ್ರಿ ಮೇಡಂ" ಎಂದರು.

"ಯಾಕ್ರಿ ಆಗಂಗಿಲ್ಲ?"

"ತಾಲ್ಲೂಕು ಬ್ಯಾರೆ ಐತ್ರಿ. ಈ ನಂಬರ್ ಹರಪನಹಳ್ಳಿದು. ನೀವು ಹೋಗೋ ಊರಾಗ ಹೊಸಾದು ತಗೋರಿ."

ನಾನು ಬಿಡುವವಳೇ? ಕೂತೆ. ಯಾರು ಮಾಡಿದ ಕಾನೂನು ಇದು ಎಂದೆ. ಅವರು ಚಹಾದ ಲೋಟ ಪಕ್ಕಕ್ಕಿಟ್ಟು, ಈ ಹೆಂಗಸು ಸುಮ್ಮನೆ ಹೋಗುವುದಿಲ್ಲ ಎಂದು ತಿಳಿದವರಂತೆ ಶುರುಮಾಡಿದರು.

"ಜಿನೀವಾದಾಗ ಒಂದು ಸಂಸ್ಥೆ ಐತ್ರಿ. ಅವ್ರು ಜಗತ್ತನ್ನ ಒಂಬತ್ತು ಪಾಲು ಮಾಡ್ಯಾರ. ಆಫ್ರಿಕಾದವ್ರಿಗೆ ಎರಡರಿಂದ ಶುರು, ಯುರೋಪಿನವ್ರಿಗೆ ಮೂರು, ನಾಕು. ನಮ್ಮ ಪಾಲಿಗೆ ಒಂಬತ್ತು. ತೊಂಬತ್ತೊಂದು ನಾವು, ತೊಂಬತ್ತೆರಡು ಪಾಕಿಸ್ತಾನ, ತೊಂಬತ್ತಮೂರು ಅಫ್ಘಾನಿಸ್ತಾನ, ಹಂಗ. ಆ ಸಂಸ್ಥೆಯವ್ರು ದೇಶಕ್ಕ ಒಂದು ನಂಬರ್ ಕೊಟ್ಟು ಕೈ ತೊಳಕೊಂತಾರ. ಅದರ ಮುಂದಿಂದು ಆಯಾ ದೇಶದ ಸರ್ಕಾರದ್ದು. ದಿಲ್ಲಿಯವ್ರು ನಮ್ಮ ಸೀಮಿಗೆ ಒಂದು ತುಂಡು ಕೊಟ್ಟಾರ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಎಲ್ಲಾದಕ್ಕೂ ಕೋಡಿನ ಮುಂದಿನ ಅಂಕಿ ಒಂದ. ಕೊನೀ ಅಂಕಿ ಒಂದು ಬ್ಯಾರೆ. ಆ ಒಂದು ಅಂಕಿನ ದಾಟಾಕ ಬರಂಗಿಲ್ಲ ನೋಡ್ರಿ ಮೇಡಂ. ಮೊಬೈಲ್ ಮನಷ್ಯಾಂದು. ಇದು ನೆಲದ್ದು."

ನೆಲದ್ದು ಎಂಬ ಮಾತು ನನಗೆ ಹೊಸದಲ್ಲ. ದಿನಾ ಸರ್ವೆ ನಂಬರುಗಳ ನಡುವೆ ಬದುಕುವವಳು ನಾನು. ಹೊಲ ಮಾರಿದವನು ಊರು ಬಿಟ್ಟು ಹೋದಾನು, ಸರ್ವೆ ನಂಬರು ಹೊಲದಲ್ಲೇ ಬಿದ್ದಿರುತ್ತದೆ. ನಮ್ಮ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಈಗ ವಿಜಯನಗರ ಎನ್ನುತ್ತಾರೆ. ಅಷ್ಟೆಲ್ಲ ಬೋರ್ಡು ಬದಲಾದರೂ ಫೋನಿನ ಕೋಡು ಕದಲಲಿಲ್ಲ. ಆದರೂ ಸೋಲೊಪ್ಪಲು ಮನಸ್ಸಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಂಗಾತು ನಿಮ್ಮದು ಎಂದು ಅಂದೇಬಿಟ್ಟೆ.

ಅವರಿಗೂ ರೇಗಿತು. "ಇಷ್ಟ್ಯಾಕ ಆ ನಂಬರ್ ಬೇಕ್ರಿ ನಿಮಗ?"

ಅದಕ್ಕೆ ಅವ್ವ ಉತ್ತರ ಕೊಟ್ಟಳು. "ನನ್ನ ಮಗ ಮಸ್ಕತ್ತಿನಾಗ ಅದಾನ್ರಿ ಸಾಹೇಬ್ರ. ಸುದ್ದಿ ಇಲ್ಲ. ಅವಗ ಇದೊಂದ ನಂಬರ್ ಬರೋದು."

ಅಧಿಕಾರಿಯ ಮುಖ ಮೆತ್ತಗಾಯಿತು. ಏನಾದರೂ ಹೇಳಬೇಕೆಂದು ಹೇಳಿದಂತೆ ಕೇಳಿದರು:

"ಹೊರದೇಶದಿಂದ ಮಾಡೋವಾಗ ಮುಂದಿನ ಸೊನ್ನಿ ಬಿಡಬೇಕು ಅಂತ ಅವಗ ಗೊತ್ತೈತಿ ಅಲ್ರಿ? ಬಾಳ ಮಂದಿ ಅದರಾಗ ತಪ್ಪತಾರ. ತೊಂಬತ್ತೊಂದು ಹಾಕಿದ ಮ್ಯಾಲ ಆ ಸೊನ್ನಿ ಹಾಕಬಾರದು. ಹಾಕಿದ್ರ ಹತ್ತಂಗಿಲ್ಲ, ಈ ನಂಬರ್ ಇಲ್ಲ ಅಂತ ಹೇಳತೈತಿ."

ಅವ್ವ ನನ್ನ ಕಡೆ ತಿರುಗಿದಳು. "ಸೊನ್ನಿ ಅಂದ್ರ?"

ನನಗೆ ಅರ್ಥವಾಗಿತ್ತು. ಅಧಿಕಾರಿಯ ಕಡೆ ನೋಡಿದೆ.

"ಹೇಳಬೇ, ಸೊನ್ನಿ ಅಂದ್ರ ಯಾವುದು?"

"ಪೂಜಿ, ಅವ್ವ."

ಅವ್ವನ ಮುಖದಲ್ಲಿದ್ದ ಕಳೆ ಇಳಿದುಹೋಯಿತು. ಮೇಜಿನ ಅಂಚು ಹಿಡಿದು ಎದ್ದಳು. ಅಧಿಕಾರಿ ನೀರು ಕೊಡಲು ಬಂದರು, ಅವಳು ನೋಡಲಿಲ್ಲ. ಹೊರಗೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಅದನ್ನು ತುಳಿದುಕೊಂಡೇ ನಡೆದಳು. ಕಾಳು ತುಳಿಯುವುದನ್ನು ಕಂಡರೆ ಊರವರನ್ನೆಲ್ಲ ಬೈಯುತ್ತಿದ್ದವಳು ಅವಳು.

ಮನೆಗೆ ಬಂದ ಮೇಲೆ ಹೇಳಿದಳು: "ನಾನ ಹೇಳಿಕೊಟ್ಟೆ. ಪೂಜಿ ಬಿಟ್ಟೀ, ಕೆಟ್ಟೀ ಅಂತ ನಾನ ಹೇಳಿಕೊಟ್ಟೆ. ಅವ ಬಿಡಂಗಿಲ್ಲ. ಸಾಯೂತನಕ ಬಿಡಂಗಿಲ್ಲ."

ನಾನು ಸಮಾಧಾನಕ್ಕೆ ಏನೇನೋ ಹೇಳಿದೆ. ಊರಿಂದೂರಿಗೆ ಹೋಗಲು ಒಂದು ಪೂಜಿ, ದೇಶ ದಾಟಲು ಎರಡು ಪೂಜಿ, ದೇಶದೊಳಗೆ ಬಂದ ಮೇಲೆ ಮತ್ತೆ ಪೂಜಿ ಬೇಡ, ಇಷ್ಟೇ ಲೆಕ್ಕ, ಅಲ್ಲಿ ಯಾರಾದರೂ ಹೇಳಿಕೊಟ್ಟಾರು ಎಂದೆ. ಅವನು ಫೋನ್ ಮಾಡಿಯೇ ಇರಲಿಕ್ಕಿಲ್ಲ ಎಂದೂ ಅಂದೆ. ಆ ಮಾತು ಆಡಿದ ಮೇಲೆ ಅದರ ಅರ್ಥ ಹೊಳೆದು ನಾಲಿಗೆ ಕಚ್ಚಿಕೊಂಡೆ. ನಿಜವಾಗಿ ನಮ್ಮ ಕೈಯಲ್ಲಿ ಏನಿತ್ತು? ಪೂಜಿ ಬಿಡಪ್ಪ ಎಂದು ಅವನಿಗೆ ಹೇಳಬೇಕಾದರೆ ಅವನು ಫೋನ್ ಮಾಡಬೇಕು. ಅವನು ಫೋನ್ ಮಾಡಬೇಕಾದರೆ ಪೂಜಿ ಬಿಡಬೇಕು. ದೀಪಾವಳಿ ಮುಗಿದರೆ ಆ ನಂಬರೇ ಇರುವುದಿಲ್ಲ.

ಮರುದಿನದಿಂದ ಅವ್ವ ಪೂಜೆ ಬಿಟ್ಟಳು.

ಮೊದಲು ನನಗೆ ತಿಳಿಯಲಿಲ್ಲ. ಎದುರು ಮನೆಯವರು ಫೋನ್ ಮಾಡಿ, ನಿಮ್ಮವ್ವ ದೀಪ ಹಚ್ಚುತ್ತಿಲ್ಲ, ಊದುಬತ್ತಿ ಇಲ್ಲ, ಹೂವಿನವಳನ್ನು ಬೇಡ ಎಂದು ವಾಪಸ್ ಕಳಿಸಿದಳು ಎಂದರು. ನಾನು ಬಸ್ಸು ಹತ್ತಿ ಓಡಿ ಬಂದೆ. ದೇವರ ಗೂಡಿಗೆ ಪರದೆ ಎಳೆದಿತ್ತು. ನಮ್ಮವ್ವ ಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ಜ್ವರ ಬಂದರೂ, ಹೆರಿಗೆಯಾಗಿ ಮೈಲಿಗೆ ಕಳೆದ ಮರುದಿನವೇ, ತಣ್ಣೀರು ಹೊಯ್ದುಕೊಂಡು ದೀಪ ಹಚ್ಚಿದವಳು. ಅಪ್ಪ ಹೋದದ್ದಕ್ಕೆ ದೇವರ ಮೇಲೆ ಮುನಿಸೇ ಎಂದು ಕೇಳಿದೆ.

"ಮುನಿಸೇನಿಲ್ಲ."

"ಮತ್ತೇನು?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು. "ನಾನು ಹೇಳಿಕೊಟ್ಟ ಪೂಜಿ ಅದು. ನಾನ ಬಿಟ್ಟು ತೋರಸಬೇಕು. ಅವ ಸಣ್ಣಾವಿದ್ದಾಗ ತುತ್ತು ಇಡೋವಾಗ ನಾನು ಬಾಯಿ ತೆಗದ್ರ ಅವನೂ ಬಾಯಿ ತೆಗೀತಿದ್ದ. ಇಲ್ಲಂದ್ರ ತೆಗೀತಿರಲಿಲ್ಲ. ನಾನು ಇಲ್ಲಿ ಪೂಜಿ ಬಿಟ್ರ ಅವ ಅಲ್ಲಿ ಬಿಡತಾನ."

ನನಗೆ ಮೈ ಉರಿಯಿತು. "ಏನವ್ವ ಇದು ಹುಚ್ಚು! ಆ ಪೂಜಿ ಬ್ಯಾರೆ, ಈ ಪೂಜಿ ಬ್ಯಾರೆ. ಅದು ಸೊನ್ನಿ, ಇದು ದೇವ್ರು. ಎಷ್ಟು ಸಲ ಹೇಳಬೇಕು ನಿನಗ?"

"ನಿನಗ ಬ್ಯಾರೆ. ನನಗ ಒಂದ," ಎಂದಳು. "ದೇವ್ರಿಗೆ ತಿಳೀತೈತಿ. ಅವನೂ ಮಕ್ಕಳೊಂದಿಗ."

ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. ಸಿಟ್ಟು ಬಹಳ ಹೊತ್ತು ಇರಲಿಲ್ಲ. ಅಳು ಬಂತು. ಆಯುಷ್ಯವಿಡೀ ಒಂದು ದಿನವೂ ತಪ್ಪಿಸದ ಕೆಲಸವನ್ನು ನಮ್ಮವ್ವ ಮಗನಿಗೋಸ್ಕರ ಬಿಟ್ಟಿದ್ದಳು. ಹರಕೆ ಎಂದರೆ ಏನಾದರೂ ಮಾಡುತ್ತೇನೆ ಎನ್ನುವುದನ್ನು ಕೇಳಿದ್ದೇನೆ. ಮಾಡುವುದನ್ನು ಬಿಡುತ್ತೇನೆ ಎಂದು ಹರಕೆ ಹೊತ್ತವರನ್ನು ನಾನು ಕಂಡಿರಲಿಲ್ಲ.

ಓಣಿಯಲ್ಲಿ ತಲೆಗೊಂದು ಮಾತಾಯಿತು. ಗಂಡ ಹೋದ ಮೇಲೆ ತಲೆ ಕೆಟ್ಟಿದೆ ಎಂದರು ಕೆಲವರು. ಅವ್ವ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪರದೆ ಎಳೆದ ದೇವರ ಗೂಡಿನ ಮುಂದೆ ಸುಮ್ಮನೆ ಕೂತು, ಎದ್ದು ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದಳು. ಅಪ್ಪ ಮಾಡುತ್ತಿದ್ದ ಕೆಲಸ ಈಗ ಅವಳದಾಗಿತ್ತು. "ಜೀವ ಐತಿ" ಎಂದು ಇಟ್ಟು ಒಲೆಯ ಮುಂದೆ ಹೋಗುತ್ತಿದ್ದಳು. ನನಗಾದರೆ ಆ ಗುಂಯ್ ಸದ್ದು ಕೇಳಲು ಆಗುತ್ತಿರಲಿಲ್ಲ.

ದೀಪಾವಳಿಗೂ ಆ ಮನೆಯಲ್ಲಿ ದೀಪ ಹಚ್ಚಲಿಲ್ಲ. ಹಬ್ಬ ಕಳೆದ ಮೇಲೆ ನಾನು ರಜೆ ಹಾಕಿ ಬಂದು ಸಾಮಾನು ಕಟ್ಟತೊಡಗಿದೆ. ಪಾತ್ರೆಗಳು ಚೀಲಕ್ಕೆ ಹೋದವು. ಅಪ್ಪನ ಫೋಟೋ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹೋಯಿತು. ಫೋನ್ ಬಿಟ್ಟುಕೊಡುವ ಅರ್ಜಿಗೆ ಅವ್ವ ಸಹಿ ಹಾಕಿರಲಿಲ್ಲ, ಕೊನೆಯ ದಿನ ಹಾಕುತ್ತೇನೆ ಎಂದಿದ್ದಳು. ರೊಟ್ಟಿಯ ಹಂಚು, ಹಿಟ್ಟಿನ ಪರಾತ ಮಾತ್ರ ಹೊರಗಿದ್ದವು. ಯಾರದೋ ಮನೆಯ ಕಾರ್ಯಕ್ಕೆ ಕೊನೆಯದಾಗಿ ರೊಟ್ಟಿ ಒಪ್ಪಿಕೊಂಡಿದ್ದಳು. ಬೇಡ ಎಂದರೆ ಕೇಳಬೇಕಲ್ಲ.

ಬಿಸಿಲು ಏರುವ ಹೊತ್ತಿನಲ್ಲಿ ಫೋನ್ ಬಡಿದುಕೊಂಡಿತು. ರೊಟ್ಟಿಯವರೇ ಇರಬೇಕೆಂದು ನಾನು ತಲೆ ಎತ್ತಲಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಎತ್ತಿದಳು.

"ಹಾಂ, ಹೇಳ್ರಿ. ರೊಟ್ಟಿ ಇನ್ನೂ ಬಡಿಯಾಕ ಹತ್ತೀನಿ."

ಆಮೇಲೆ ಸದ್ದಿಲ್ಲ. ನಾನು ತಿರುಗಿ ನೋಡಿದೆ. ಅವ್ವ ಗೋಡೆ ಹಿಡಿದುಕೊಂಡಿದ್ದಳು. ಓಡಿ ಹೋಗಿ ಅವಳ ತಲೆಗೆ ತಲೆ ತಾಗಿಸಿ ರಿಸೀವರಿಗೆ ಕಿವಿ ಕೊಟ್ಟೆ. ನನ್ನ ತಮ್ಮನ ದನಿ, ದೂರದಿಂದ, ಪ್ರತಿ ಮಾತಿನ ನಡುವೆ ಸ್ವಲ್ಪ ಬಿಟ್ಟು ಬಿಟ್ಟು:

"ಅವ್ವಾ, ನಾನವ್ವ. ಪೂಜಿ ಬಿಟ್ಟೆ. ಹತ್ತಿತು."

ಅಯ್ಯೋ ಶಿವನೇ, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮತ್ತೆ ಎದ್ದೆ. ಅವನು ಒಂದೇ ಉಸಿರಿಗೆ ಹೇಳುತ್ತಿದ್ದ. ಅಲ್ಲಿ ಎಂದೂ ಬಾರದ ಮಳೆ ಬಂದು ಒಣ ಹಳ್ಳ ಒಮ್ಮೆಲೇ ತುಂಬಿ ಟ್ರೇಲರ್ ಉರುಳಿತಂತೆ. ಕಾಲು ಮುರಿಯಿತು, ಫೋನು, ಕಾಗದ ಪತ್ರ ಎಲ್ಲ ಹೊಳೆಪಾಲು. ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದು, ಆಮೇಲೆ ಮರಳುಗಾಡಿನ ನಡುವಿನ ಒಂದು ಕ್ಯಾಂಪಿಗೆ ಕಳಿಸಿದರಂತೆ. ಸಿಕ್ಕವರ ಫೋನು ಬೇಡಿ ಬೇಡಿ, ತೊಂಬತ್ತೊಂದು ಹಾಕಿ, ಆಮೇಲೆ ಹಾಡಿನಂತೆಯೇ ಪೂಜಿಯಿಂದ ಶುರುಮಾಡಿ ಮನೆಗೆ ಹಚ್ಚಿದನಂತೆ. ಎಷ್ಟು ಸಲ ಹಚ್ಚಿದರೂ ಒಬ್ಬ ಹೆಂಗಸು ಈ ನಂಬರ್ ಇಲ್ಲ ಎಂದಳಂತೆ.

"ಅಪ್ಪ ಹೇಳಿದಂಗ ಮಾಡಿಬಿಟ್ಟ, ಫೋನ್ ಕಿತ್ತಿಸಿ ಒಗದ ಅನ್ಕೊಂಡೆ ಅವ್ವ. ಅದಕ್ಕ ಆಮ್ಯಾಲೆ ಮಾಡೋದ ಬಿಟ್ಟೆ. ನಿನ್ನಿ ಇಲ್ಲೊಬ್ಬ ಮುದುಕ, ಪೇಶಾವರದಾವ, ನಾನು ಹಾಡು ಹೇಳೋದು ಕೇಳಿ ಏನದು ಅಂದ. ನಂಬರ್ ಅಂದೆ. ಶುರುವಾತಿಗೆ ಏನು ಅಂದ. ಸೊನ್ನಿ ಅಂದೆ. ನಮ್ಮ ದೇಶದಾಗೂ ಹಂಗ ಐತಿ ಬೇಟಾ, ಹೊರಗಿಂದ ಮಾಡೋವಾಗ ಅದನ್ನ ಬಿಡಬೇಕು ಅಂದ. ನನಗ ಧೈರ್ಯ ಬರಲಿಲ್ಲ ಅವ್ವ. ಬಿಟ್ಟೀ, ಕೆಟ್ಟೀ ಅಂದಿದ್ದಿಯಲ್ಲ ನೀನು. ಇವತ್ತು ಬಿಟ್ಟೆ."

ಅವ್ವನ ಕಣ್ಣೀರು ರಿಸೀವರಿಗೆ ಹತ್ತಿದ್ದ ಹಿಟ್ಟಿನ ಮೇಲೆ ಬೀಳುತ್ತಿತ್ತು. ಆ ಕಡೆಯಿಂದ ಅವನು ನಕ್ಕ. ಬಹಳ ದಿನಗಳ ಮೇಲೆ ನಗುವವರ ನಗು ಅದು, ಅರ್ಧಕ್ಕೇ ನಿಂತಿತು.

"ಅಂದ್ರ ಅಪ್ಪ ಫೋನ್ ಕಿತ್ತಸಿಲ್ಲ! ಅವ್ವ, ಅಪ್ಪಗ ಕೊಡು. ತಪ್ಪಾತು ಅಂತೀನಿ. ಮಾತಾಡದಿದ್ರೂ ಚಿಂತಿಲ್ಲ, ಕಿವಿಗೆ ಹಿಡಿ ಸಾಕು."

ಅವ್ವ ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದಳು. ನಾನು ಕೈ ಚಾಚಿದೆ. ನಾನೇ ಹೇಳೋಣವೆಂದುಕೊಂಡೆ, ಅಕ್ಕನಲ್ಲವೇ. ಅವಳು ಕೊಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿ ಮತ್ತೆ ಕಿವಿಗೆ ಇಟ್ಟುಕೊಂಡಳು.

"ಕಿತ್ತಸಲಿಲ್ಲಪ್ಪ ನಿಮ್ಮಪ್ಪ. ದಿನಾ ಮುಂಜಾನಿ ಎತ್ತಿ ನೋಡತಿದ್ದ, ಜೀವ ಐತೇನಂತ. ಫೋನಿಂದು ಉಳೀತು ಮಗನ, ಅವಂದು ಉಳೀಲಿಲ್ಲ. ಶ್ರಾವಣದಾಗ ಹೋದ."

ಲೈನು ಕಡಿದಿರಲಿಲ್ಲ, ಗಾಳಿಯ ಸದ್ದು ಕೇಳುತ್ತಿತ್ತು. ಅವ್ವ, ಸಂತೆಯಿಂದ ಬಂದ ಮರುದಿನ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳಲ್ಲ, ಅದೇ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಅವನ ವರ್ಷದ ಪೂಜಿ ಮುಂದ ಐತಿ. ಆ ಪೂಜಿ ಬಿಟ್ಟಿ, ಚಲೋ ಮಾಡಿದಿ. ಇದೊಂದು ಬಿಡಬ್ಯಾಡ. ಬಾ."